ಎರಡು ಕಾಲಮ್ಮಿನ ಲೆಕ್ಕ

"ಸಾರ್, ಇದು ಎಷ್ಟು?"

"ಅದು ಮಾರೋದಕ್ಕಲ್ಲಪ್ಪ."

"ಇದು?"

"ಅದೂ ಅಷ್ಟೇ."

ಹುಡುಗ ಮೂರನೆಯದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದ. ನಾನು ಇಲ್ಲ ಅಂತ ತಲೆಯಾಡಿಸಿದೆ. ಅವನು ಅದನ್ನು ಜಾಗಕ್ಕೆ ವಾಪಸ್ ಇಟ್ಟು, ಬಹಳ ಮರ್ಯಾದೆಯಿಂದಲೇ ಕೇಳಿದ: "ಅಲ್ಲ ಸಾರ್, ಇದು ಅಂಗಡೀನಾ, ಮ್ಯೂಸಿಯಮ್ಮಾ?"

ಏನು ಹೇಳಬೇಕೋ ತಿಳಿಯದೆ ಅವನಿಗೊಂದು ಕಾಫಿ ತರಿಸಿದೆ. ಕುಡಿದು, ಥ್ಯಾಂಕ್ಸ್ ಹೇಳಿ, ಏನೂ ಕೊಳ್ಳದೆ ಹೋದ. ಆ ದಿನದ ವ್ಯಾಪಾರ: ಮೈನಸ್ ಹದಿನೈದು ರೂಪಾಯಿ.

ರೆಕಾರ್ಡ್ ಅಂಗಡಿ ಶುರು ಮಾಡಿ ಆಗ ಎಂಟು ತಿಂಗಳು. ಬಸವನಗುಡಿಯಲ್ಲಿ ಒಬ್ಬ ಟೈಲರ್ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು ಹತ್ತಿ ಬಂದರೆ ಹನ್ನೆರಡಕ್ಕೆ ಹದಿನೈದು ಅಡಿಯ ಒಂದು ಕೋಣೆ. ಎರಡೂ ಗೋಡೆಗೆ ಮರದ ಶೆಲ್ಫು, ಮೂಲೆಯಲ್ಲಿ ಟರ್ನ್‌ಟೇಬಲ್, ಕಿಟಕಿ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ. ತಿಂಗಳಿಗೆ 22 ಸಾವಿರ ಬಾಡಿಗೆ. ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ಬೇರೆಯವರು ಬರೆದ ಕೋಡಿನ ತಪ್ಪು ತಿದ್ದಿ, ಮೂವತ್ತೆಂಟನೇ ವಯಸ್ಸಿಗೆ ರಾಜೀನಾಮೆ ಕೊಟ್ಟು ಬಂದವನು ನಾನು. ಬೀಳ್ಕೊಡುಗೆ ಪಾರ್ಟಿಯಲ್ಲಿ ಎಲ್ಲರೂ "ಪ್ಯಾಶನ್ ಫಾಲೋ ಮಾಡ್ತಿದೀಯ, ಲಕ್ಕಿ ಕಣೋ" ಅಂದರು. ನಿಜ, ಪ್ಯಾಶನ್ ಮುಂದೆ ಮುಂದೆ ಓಡ್ತಿತ್ತು. ನಾನು ಹಿಂದಿನಿಂದ ಬಾಡಿಗೆ ಕಟ್ಟಿಕೊಂಡು ಫಾಲೋ ಮಾಡ್ತಿದ್ದೆ.

ಆಗ ನನಗೆ ಅರ್ಥವಾಗದೇ ಇದ್ದದ್ದು ಇಷ್ಟು: ಕೂಡಿಡುವವನು ಬೇರೆ, ಮಾರುವವನು ಬೇರೆ. ಒಬ್ಬನಿಗೆ ಕೈಗೆ ಬಂದದ್ದು ಹೋಗಬಾರದು, ಇನ್ನೊಬ್ಬನಿಗೆ ಕೈಗೆ ಬಂದದ್ದು ನಿಲ್ಲಬಾರದು. ಇಬ್ಬರನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿದರೆ ದಿನಾ ಜಗಳ.

* * *

ಕೂಡಿಡುವ ರೋಗ ಬಂದದ್ದು ಅಪ್ಪನಿಂದ. ಅಪ್ಪ ಮೈಸೂರಿನಲ್ಲಿ ಬ್ಯಾಂಕ್ ಕ್ಲರ್ಕು. ಮನೆಯಲ್ಲಿ ಒಂದು ಎಚ್‌ಎಂವಿ ಫಿಯೆಸ್ಟಾ ಪ್ಲೇಯರ್ ಇತ್ತು. ನಮ್ಮನ್ನು ಎಬ್ಬಿಸುತ್ತಿದ್ದದ್ದು ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ್ವರ ಸುಪ್ರಭಾತ, 1963ರಲ್ಲಿ ಬಂದ ಅದೇ ಎಲ್‌ಪಿ. ನಮ್ಮ ಪ್ಲೇಟಿನಲ್ಲಿ ಒಂದು ಕಡೆ ಗೀರು ಬಿದ್ದು, ಮುಳ್ಳು ಒಂದೂವರೆ ಸಾಲು ಹಾರಿ ಮುಂದಕ್ಕೆ ಹೋಗ್ತಿತ್ತು. ನಾನು ಸುಪ್ರಭಾತ ಕಲಿತದ್ದೇ ಹಾಗೆ, ಆ ಒಂದೂವರೆ ಸಾಲು ಬಿಟ್ಟು. ಐದನೇ ಕ್ಲಾಸಿನಲ್ಲಿ ಒಂದು ಮುಂಜಾನೆ ದೇವಸ್ಥಾನದ ಮೈಕಿನಲ್ಲಿ ಪೂರ್ತಿ ಕೇಳಿದಾಗ, ಪಾಪ ದೇವಸ್ಥಾನದವರ ರೆಕಾರ್ಡು ಕೆಟ್ಟಿದೆ ಅಂದುಕೊಂಡಿದ್ದೆ.

ಕಾಲೇಜಿಗೆ ಬರುವ ಹೊತ್ತಿಗೆ ಊರೆಲ್ಲ ಕ್ಯಾಸೆಟ್. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದಮೇಲೆ ಭಾವಗೀತೆ ಅಡುಗೆಮನೆಯ ಟೇಪ್ ರೆಕಾರ್ಡರಿಗೆ ಬಂದು ಕೂತಿತ್ತು. ಎಲ್‌ಪಿಗಳನ್ನು ಜನ ಅಟ್ಟಕ್ಕೆ ಸಾಗಿಸಿದರು, ಅಟ್ಟದಿಂದ ಗುಜರಿಗೆ. ನನ್ನ ಅದೃಷ್ಟ ನೋಡಿ: ಇಡೀ ಊರು ಬಿಸಾಡ್ತಿದ್ದ ಹೊತ್ತಿಗೆ ನಾನು ಆಯ್ದುಕೊಳ್ಳಲು ಶುರು ಮಾಡಿದೆ. ಬೆಂಗಳೂರಿಗೆ ಬಂದಮೇಲೆ ಅವೆನ್ಯೂ ರೋಡು, ಭಾನುವಾರ ಬೆಳಗ್ಗೆ ಸಂಡೇ ಬಜಾರು. ಹಳೇ ಮಿಕ್ಸಿ, ಒಂಟಿ ಶೂ, ಕೆಟ್ಟ ಫ್ಯಾನುಗಳ ನಡುವೆ ಹತ್ತು ರೂಪಾಯಿಗೆ ಒಂದು ಎಲ್‌ಪಿ. ಇಪ್ಪತ್ತು ವರ್ಷದಲ್ಲಿ ಎರಡು ಸಾವಿರದ ಮುನ್ನೂರು ಆದವು. ಹೆಂಡತಿ ಒಂದು ದಿನ ಮಂಚದ ಕೆಳಗೆ ಕಸ ಗುಡಿಸೋಕೆ ಪೊರಕೆ ಹಾಕಿದಳು. ಪೊರಕೆ ಒಳಕ್ಕೆ ಹೋಗಲಿಲ್ಲ. "ಒಂದೋ ಅಂಗಡಿ ಇಡು, ಇಲ್ಲ ಬೇರೆ ಮನೆ ಮಾಡು" ಅಂದಳು. ತಮಾಷೆಗೆ ಅಂದಿದ್ದು. ನಾನು ಸೀರಿಯಸ್ಸಾಗಿ ತಗೊಂಡೆ.

* * *

ಅಂಗಡಿಗೆ ಬರುವವರಲ್ಲಿ ಮೂರು ಥರ.

ಮೊದಲನೆಯವರು ನಿಮ್ಮಂಥವರು. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಶನಿವಾರ ಸಂಜೆ ಬರ್ತಾರೆ, ಪಿಂಕ್ ಫ್ಲಾಯ್ಡ್ ಕೇಳ್ತಾರೆ. "ಡಿಜಿಟಲ್ಲಿಗಿಂತ ಸೌಂಡ್ ವಾರ್ಮ್ ಇರುತ್ತಂತಲ್ಲ ಸಾರ್?" ಅಂತ ವಿಚಾರಿಸ್ತಾರೆ. ಇವರಿಗೆ ನಾನು ಯಾವಾಗಲೂ ಒಂದು ಪ್ರಶ್ನೆ ಹಾಕ್ತೀನಿ: ಎಲ್‌ಪಿಯ ಒಂದು ಬದಿಯಲ್ಲಿ ಎಷ್ಟು ಗೆರೆ ಇರುತ್ತೆ? ಸಾವಿರ, ಐನೂರು ಅಂತೆಲ್ಲ ಹೇಳ್ತಾರೆ. ಉತ್ತರ ಒಂದು. ಅಂಚಿನಿಂದ ನಡುವಿನ ತನಕ ಸುತ್ತಿಕೊಂಡು ಹೋಗುವ ಒಂದೇ ಗೆರೆ. ನಿಮಿಷಕ್ಕೆ 33 ಚಿಲ್ಲರೆ ಸುತ್ತಿನಂತೆ ಮುಳ್ಳು ಅದರಲ್ಲಿ ಇಪ್ಪತ್ತು ನಿಮಿಷದ ಆಸುಪಾಸು ನಡೆಯುತ್ತೆ, ಆಮೇಲೆ ನೀವೇ ಎದ್ದು ಮಗುಚಿ ಹಾಕಬೇಕು. ಈ ಎದ್ದು ಮಗುಚಿ ಹಾಕುವ ಕೆಲಸಕ್ಕೇ ಜನ ದುಡ್ಡು ಕೊಡ್ತಿರೋದು ಅಂತ ನನ್ನ ಅನುಮಾನ. ಸೌಂಡು ನೆಪ.

ಎರಡನೆಯವರು ಪ್ಲೇಯರೇ ಇಲ್ಲದೆ ರೆಕಾರ್ಡ್ ಕೊಳ್ಳುವವರು. ಕವರನ್ನು ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕ್ತಾರಂತೆ. ರಾಜ್‌ಕುಮಾರ್ ಮುಖವಿದ್ದ ಏಳಿಂಚಿನ ಇಪಿಗಳು ಹೀಗೇ ಖಾಲಿಯಾದವು. ಒಳಗೆ ನಾಲ್ಕು ಹಾಡಿದೆ ಕಣ್ರೀ ಅಂದರೆ, "ಹೌದಾ, ಕ್ಯೂಟ್" ಅಂತಾರೆ. ಇವರ ಬಗ್ಗೆ ನನಗೆ ತುಂಬ ದಿನ ತಾತ್ಸಾರ ಇತ್ತು. ಆ ಮಾತಿಗೆ ಆಮೇಲೆ ಬರ್ತೀನಿ.

ಮೂರನೆಯವರು ಅಜ್ಜಂದಿರು. ಕೊಳ್ಳೋದಕ್ಕೆ ಅಲ್ಲ, ಮಾತಾಡೋಕೆ ಬರೋರು. ಒಬ್ಬರಿದ್ದಾರೆ, 1974ರ ಈಚಿನದನ್ನು ಮುಟ್ಟೋದೇ ಇಲ್ಲ. ಆ ವರ್ಷದ 'ಸಂಪತ್ತಿಗೆ ಸವಾಲ್' ಆದಮೇಲೆ ರಾಜ್‌ಕುಮಾರ್ ತಮ್ಮ ಹಾಡು ತಾವೇ ಹಾಡತೊಡಗಿದರು, ಪಿ.ಬಿ. ಶ್ರೀನಿವಾಸರಿಗೆ ಆ ಕೆಲಸ ಕಮ್ಮಿಯಾಯ್ತು. "ರಾಜಣ್ಣ ದೊಡ್ಡ ಗಾಯಕ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಪಿಬಿಎಸ್‌ಗೆ ಅನ್ಯಾಯ ಆಯ್ತಲ್ಲಯ್ಯ" ಅಂತ ಈಗಲೂ ಕಣ್ಣು ಒದ್ದೆ ಮಾಡಿಕೊಳ್ತಾರೆ. ಈ ಮುಷ್ಕರದಲ್ಲಿ ಅವರು ಒಬ್ಬರೇ.

ವ್ಯಾಪಾರದ ಲೆಕ್ಕ ಹೇಳಿದರೆ ನಗ್ತೀರಿ. ಹೊಸ ಇಂಪೋರ್ಟೆಡ್ ಎಲ್‌ಪಿ 2,200ಕ್ಕೆ ತಂದರೆ 2,600ಕ್ಕೆ ಹೋಗುತ್ತೆ. ಹೋಗದೇ ಇದ್ದರೆ ಆ 2,200 ಶೆಲ್ಫಿನಲ್ಲಿ ಕೂತು ನನ್ನನ್ನೇ ನೋಡ್ತಿರುತ್ತೆ. ಉಳಿವು ಇರೋದು ಹಳೆಯದರಲ್ಲಿ. ಮನೆ ಮನೆಗೆ ಹೋಗಿ ಕೊಳ್ಳಬೇಕು, ತೊಳೀಬೇಕು, ಬೆಳಕಿಗೆ ಓರೆ ಹಿಡಿದು ಗೀರು ಎಣಿಸಬೇಕು, ಗ್ರೇಡ್ ಹಾಕಬೇಕು. ಬೆಂಗಳೂರಿನ ಮಳೆಗಾಲದಲ್ಲಿ ಅಟ್ಟದ ಮೇಲೆ ಕೂತ ರೆಕಾರ್ಡಿಗೆ ಹಪ್ಪಳಕ್ಕೆ ಹಿಡಿದ ಹಾಗೆ ಬೂಷ್ಟು ಹಿಡಿದಿರುತ್ತೆ.

ತೊಳೆಯೋದೂ ಒಂದು ವಿದ್ಯೆ. ಎಲ್‌ಪಿ ವಿನೈಲ್, ಅಂದರೆ ಪಿವಿಸಿ. ಹೆಚ್ಚುಕಮ್ಮಿ ನಮ್ಮ ನಲ್ಲಿ ಪೈಪಿನ ಬಳಗ. ಅದಕ್ಕೂ ಹಿಂದಿನ, ನಿಮಿಷಕ್ಕೆ 78 ಸುತ್ತು ತಿರುಗುವ ಕಲ್ಲಿನಂಥ ಪ್ಲೇಟುಗಳ ಜೀವ ಇರೋದು ಅರಗಿನಲ್ಲಿ. ಹೌದು, ಹುಳು ಮರದ ಮೇಲೆ ಕಟ್ಟುವ ಅದೇ ಅರಗು. ಪಾಂಡವರಿಗೆ ಕಟ್ಟಿಸಿದ ಮನೆ, ಚನ್ನಪಟ್ಟಣದ ಗೊಂಬೆಯ ಹೊಳಪು, ಗೌಹರ್ ಜಾನ್ ಧ್ವನಿ, ಮೂರಕ್ಕೂ ಒಂದೇ ಸರಕು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರಿಗೆ ಹಾಡಿ, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ತಾನೇ ಹೇಳಿಕೊಂಡ ಆ ಹೆಂಗಸು ಕೊನೆಗಾಲದಲ್ಲಿ ಮೈಸೂರಿನ ಅರಮನೆಗೆ ಬಂದು, 1930ರಲ್ಲಿ ನಮ್ಮೂರಲ್ಲೇ ತೀರಿಕೊಂಡಳು. ಅರಗು ಒಂದಕ್ಕೆ ಮಾತ್ರ ಹೆದರುತ್ತೆ, ಸ್ಪಿರಿಟ್ಟಿಗೆ. ಕರಗಿಹೋಗುತ್ತೆ. ಇದು ನನಗೆ ಗೊತ್ತಾದದ್ದು ಹಳೇ ಕಂಪನಿ ನಾಟಕದ ಹಾಡಿನ ಒಂದು ಪ್ಲೇಟನ್ನು ಮೊಬೈಲ್ ಸ್ಕ್ರೀನ್ ಒರೆಸುವ ದ್ರಾವಣದಲ್ಲಿ ಚೆನ್ನಾಗಿ ಉಜ್ಜಿದ ಮೇಲೆ. ಬಟ್ಟೆ ಕರ‍್ರಗಾಯ್ತು. ಬಟ್ಟೆಗೆ ಅಂಟಿದ್ದು ಕೊಳೆ ಅಲ್ಲ, ಹಾಡು.

* * *

ಆ ಹುಡುಗ ಮ್ಯೂಸಿಯಮ್ಮಾ ಅಂತ ಕೇಳಿದ ವಾರದಲ್ಲೇ ಫೋನ್ ಬಂತು. ತ್ಯಾಗರಾಜನಗರದ ಕಡೆಯಿಂದ, ವಯಸ್ಸಾದ ಹೆಂಗಸು.

"ನಮ್ಮನೆಯವರು ಹೋಗಿ ಎರಡು ವರ್ಷ ಆಯ್ತಪ್ಪ. ಅವರ ಪ್ಲೇಟುಗಳಿವೆ. ಮನೆ ಬಿಲ್ಡರಿಗೆ ಕೊಟ್ಟಿದೀವಿ, ಮುಂದಿನ ತಿಂಗಳು ಖಾಲಿ ಮಾಡ್ಬೇಕು. ಪೇಪರಿನವನನ್ನ ಕರೆದೆ. ರಟ್ಟಿನ ಕವರ್ ಮಾತ್ರ ಕೆಜಿ ಲೆಕ್ಕದಲ್ಲಿ ತಗೋತಾನಂತೆ, ಪ್ಲೇಟು ಬೇಡವಂತೆ. ಮೊಮ್ಮಗಳು ಅಮೆರಿಕದಿಂದ ನಿನ್ನ ನಂಬರ್ ಹುಡುಕಿ ಕೊಟ್ಲು."

ಹೋದೆ. ಹಳೇ ಕಾಲದ ಮನೆ, ಮುಂದೆ ಒಂದು ಸಂಪಿಗೆ ಮರ, ಒಳಗೆ ಅರ್ಧ ಕಟ್ಟಿದ ಗಂಟುಮೂಟೆ. ಎಂಬತ್ತರ ಹತ್ತಿರದ ಅಮ್ಮ. ಮಕ್ಕಳು ಹೊರದೇಶದಲ್ಲಿ. ಕಾಫಿ ಕೊಟ್ಟು ಒಂದು ಗಾಡ್ರೆಜ್ ಬೀರು ತೋರಿಸಿದರು. ತೆಗೆದರೆ ಒಳಗೆ ಸೀರೆ ಇರಬೇಕಾದ ಜಾಗದಲ್ಲೆಲ್ಲ ರೆಕಾರ್ಡುಗಳು. ನೆಟ್ಟಗೆ ನಿಲ್ಲಿಸಿದ್ದು, ಒಂದರ ಮೇಲೊಂದು ಮಲಗಿಸಿದ್ದಲ್ಲ. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಕವರು. ಅವರು ಐಟಿಐ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರಂತೆ. ಜೋಡಿಸಿದ ರೀತಿ ನೋಡಿದಾಗಲೇ ಅನಿಸಿತು, ಈ ಮನುಷ್ಯ ನಮ್ಮ ಜಾತಿಯವರು.

ನೆಲದ ಮೇಲೆ ಕೂತು ಒಂದೊಂದೇ ನೋಡತೊಡಗಿದೆ. ಭೀಮಸೇನ ಜೋಶಿ, ಚೌಡಯ್ಯ, ರಾಜನ್-ನಾಗೇಂದ್ರರ ಇಪಿಗಳು, 'ಶೋಲೆ'ಯ ಡೈಲಾಗ್ ರೆಕಾರ್ಡು. ಒಟ್ಟು ನಾನೂರ ಮೂವತ್ತು. ಕೆಳಗಿನ ಅರೆಯಲ್ಲಿ ಇಪ್ಪತ್ತೆರಡು ಅರಗಿನ ಪ್ಲೇಟುಗಳ ಒಂದು ಕಟ್ಟು, ಎಲ್ಲ ಇಂಗ್ಲಿಷು. ಅದರಲ್ಲಿ ಒಂದರ ಲೇಬಲ್ ನೋಡಿದವನಿಗೆ ಕೈ ತಣ್ಣಗಾಯ್ತು. ಪಾರ್ಲೋಫೋನ್. ಬೀಟಲ್ಸ್. 78.

ಇದರಲ್ಲೇನು ವಿಶೇಷ ಅಂತ ಕೇಳ್ತೀರಾ? ಬೀಟಲ್ಸ್‌ನವರ ಮೊದಲ ರೆಕಾರ್ಡು ಇಂಗ್ಲೆಂಡಿನಲ್ಲಿ ಬಂದದ್ದು 1962ರ ಕೊನೆಗೆ. ಅಷ್ಟರಲ್ಲಿ ಅಲ್ಲಿ 78ರ ಪ್ಲೇಟುಗಳ ಕಾಲ ಮುಗಿದಿತ್ತು. ಇಂಡಿಯಾದಲ್ಲಿ ಮಾತ್ರ ಎಷ್ಟೋ ಮನೆಗಳಲ್ಲಿ ಕರೆಂಟು ಇರಲಿಲ್ಲ, ಕೀ ಕೊಟ್ಟು ತಿರುಗಿಸುವ ಗ್ರಾಮಫೋನುಗಳು ಇನ್ನೂ ಓಡ್ತಿದ್ದವು. ಹಾಗಾಗಿ ಇಲ್ಲಿ ಅರವತ್ತರ ದಶಕದ ನಡುವಿನ ತನಕ ಬೀಟಲ್ಸ್ ಹಾಡುಗಳೂ ಅರಗಿನ ಪ್ಲೇಟಿನಲ್ಲೇ ಬಂದವು. ಜಗತ್ತಿನ ಬೀಟಲ್ಸ್ ಹುಚ್ಚರಿಗೆ ಈ ಇಂಡಿಯನ್ ಪ್ಲೇಟು ಅಂದರೆ ಪ್ರಾಣ. ಗೀರಿಲ್ಲದ ಒಂದು ಸಿಕ್ಕಿದರೆ ಲಕ್ಷ ಅನ್ನೋದು ದೊಡ್ಡ ಮಾತಲ್ಲ. ಸಂಡೇ ಬಜಾರಿನಲ್ಲಿ ಇಪ್ಪತ್ತು ವರ್ಷ ಮಂಡಿ ಊರಿ ನಾನು ಹುಡುಕಿದ್ದು ಇದನ್ನೇ.

ಓರೆ ಹಿಡಿದು ನೋಡಿದೆ. ಕನ್ನಡಿ ಇದ್ದ ಹಾಗಿತ್ತು. ಅಮ್ಮ ಅಡುಗೆಮನೆಯಲ್ಲಿದ್ದರು. ನಾನು ಅದನ್ನು ಕಟ್ಟಿನ ಮಧ್ಯಕ್ಕೆ ಸೇರಿಸಿ ಇಟ್ಟೆ.

ಅವರು ಬಂದು ಕೂತು, "ಏನಾದ್ರೂ ಬೆಲೆ ಬಾಳುತ್ತಾಪ್ಪ?" ಅಂದರು.

"ಎಲ್ಲ ಸೇರಿ ಮೂವತ್ತೈದು ಸಾವಿರ ಕೊಡಬಹುದಮ್ಮ."

"ಅಯ್ಯೋ, ಅಷ್ಟೊಂದಾ!" ಅವರ ಮುಖ ಅರಳಿತು. ಆ ಮುಖ ನೋಡಿ ನನಗೆ ಖುಷಿಯಾಗಬೇಕಿತ್ತು. ನೋಟ ತಪ್ಪಿಸಿಕೊಂಡು ಫೋನ್ ತೆಗೆದು ದುಡ್ಡು ಕಳಿಸೋಕೆ ಅವರ ಮಗನ ನಂಬರ್ ಕೇಳಿದೆ.

ಒಂದು ಗೂಡ್ಸ್ ಆಟೋ ಹಿಡಿದು ಎಲ್‌ಪಿಗಳನ್ನೆಲ್ಲ ತುಂಬಿಸಿದೆ. ಅರಗಿನ ಕಟ್ಟನ್ನು ಮಾತ್ರ ತೊಡೆಯ ಮೇಲೆ ನಿಲ್ಲಿಸಿಕೊಂಡು, ಎರಡೂ ಕೈಯಲ್ಲಿ ತಬ್ಬಿಕೊಂಡು ಡ್ರೈವರ್ ಪಕ್ಕ ಕೂತೆ. ಬೆಂಗಳೂರಿನ ಗುಂಡಿಗಳ ಮೇಲೆ ಲಕ್ಷ ರೂಪಾಯಿಯ ಹಪ್ಪಳ ಒಯ್ಯುವ ಸುಖ ಶತ್ರುವಿಗೂ ಬೇಡ. "ಏನ್ ಸಾರ್, ದೇವರ ಫೋಟೋನಾ?" ಅಂತ ಡ್ರೈವರ್ ಕೇಳಿದ.

* * *

ರಾತ್ರಿ ಹೆಂಡತಿಗೆ ಯುದ್ಧ ಗೆದ್ದವನ ಹಾಗೆ ಹೇಳಿದೆ. ಮೂರು ತಿಂಗಳ ಬಾಡಿಗೆ ಚಿಂತೆ ಇಲ್ಲ ಅಂದೆ. ಅವಳು ಊಟದ ತಟ್ಟೆಯಿಂದ ತಲೆ ಎತ್ತಿ ಕೇಳಿದಳು:

"ಅಲ್ಲೇ ಗೊತ್ತಾಯ್ತಾ ನಿಂಗೆ?"

"ಹೂಂ, ನೋಡಿದ ತಕ್ಷಣ."

"ಅವರಿಗೆ ಹೇಳಿದ್ಯಾ?"

ನಾನು ಲಾಯರ್ ಥರ ವಾದಿಸಿದೆ. ನೋಡು, ಅದನ್ನು ಗುರುತಿಸೋಕೆ ನಾನು ಇಪ್ಪತ್ತು ವರ್ಷ ಕಲಿತಿದೀನಿ. ಡಾಕ್ಟರ್ ಫೀಸ್ ತಗೊಳ್ಳಲ್ವಾ? ಪೇಪರಿನವನು ಆ ಪ್ಲೇಟನ್ನ ರಸ್ತೆಗೆ ಎಸೀತಿದ್ದ. ನಾನು ಹೋಗದೇ ಇದ್ದಿದ್ರೆ ಅವರಿಗೆ ಮೂವತ್ತೈದು ಬಿಡು, ಮುನ್ನೂರೂ ಬರ್ತಿರಲಿಲ್ಲ. ಈ ವ್ಯಾಪಾರ ನಡೆಯೋದೇ ಕೊಡೋನಿಗಿಂತ ಕೊಳ್ಳೋನಿಗೆ ಜಾಸ್ತಿ ಗೊತ್ತಿರೋದ್ರಿಂದ.

ವಾದದಲ್ಲಿ ತಪ್ಪೇನಿರಲಿಲ್ಲ. ಈಗಲೂ ಅದರಲ್ಲಿ ಅರ್ಧ ನಿಜ ಅಂತಲೇ ಅನಿಸುತ್ತೆ. ಅವಳು "ಸರಿ" ಅಂತ ತಟ್ಟೆ ಎತ್ತಿಕೊಂಡು ಹೋದಳು. ಮದುವೆಯಾದವರಿಗೆ ಆ "ಸರಿ"ಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ಅಂಗಡಿಯಲ್ಲಿ ರೆಕಾರ್ಡುಗಳನ್ನು ಬಿಚ್ಚಿ ಜೋಡಿಸುವಾಗ ಭೀಮಸೇನ ಜೋಶಿ ಮತ್ತು 'ಶೋಲೆ' ನಡುವೆ ಒಂದು ಉದ್ದ ನೋಟ್‌ಬುಕ್ ಸಿಕ್ಕಿತು. ಒಳಗೆ ಮುತ್ತಿನಂಥ ಅಕ್ಷರ. ಕ್ರಮಸಂಖ್ಯೆ, ತಾರೀಕು, ಹೆಸರು, ಕೊಂಡ ಜಾಗ. ಅದಾದಮೇಲೆ ಎರಡು ಕಾಲಮ್ಮು. ಒಂದರ ತಲೆಯ ಮೇಲೆ 'ಅಸಲು' ಅಂತ ಬರೆದಿತ್ತು. ಇನ್ನೊಂದರ ಮೇಲೆ 'ಮನೆಗೆ'.

ಮೊದಲು ಅರ್ಥವಾಗಲಿಲ್ಲ. ಒಂದೊಂದೇ ಸಾಲು ಓದಿದೆ. ಅಸಲು 38, ಮನೆಗೆ 15. ಅಸಲು 42, ಮನೆಗೆ 18. ಅಸಲು 45, ಮನೆಗೆ 'ಸ್ನೇಹಿತರ ಕಾಣಿಕೆ'. ಹೊಳೆದಾಗ ಒಬ್ಬನೇ ಜೋರಾಗಿ ನಕ್ಕೆ. ಕೆಳಗಿನಿಂದ ಟೈಲರ್ "ಏನಾಯ್ತು ಸಾರ್?" ಅಂತ ಕೂಗಿದ. ಹೆಂಡತಿಗೆ ಎಷ್ಟು ಅಂತ ಸುಳ್ಳು ಹೇಳಿದೆ ಅನ್ನೋದನ್ನ ಮರೆಯದಿರಲಿ ಅಂತ, ಪಾಪ, ಮನುಷ್ಯ ಸುಳ್ಳಿಗೂ ಲೆಕ್ಕ ಇಟ್ಟಿದ್ದರು. ನಂ. 61ರಿಂದ 82ರ ತನಕ ಒಂದೇ ಕಂಸ ಹಾಕಿ ಬರೆದಿತ್ತು: 'ಆಸ್ಟ್ರೇಲಿಯಾಕ್ಕೆ ಹೊರಟ ಸಹೋದ್ಯೋಗಿಯ ಗಂಟು, 22 ಪ್ಲೇಟು. ಅಸಲು 60. ಮನೆಗೆ: ಫ್ರೀ.'

ಆ ದಿನಗಳಲ್ಲಿ ಕಂಟೋನ್ಮೆಂಟಿನ ಎಷ್ಟೋ ಆಂಗ್ಲೋ-ಇಂಡಿಯನ್ ಕುಟುಂಬಗಳು ಮನೆ ಸಾಮಾನು ಮಾರಿ ಹಡಗು ಹತ್ತಿದ್ದವು. ಬೀಟಲ್ಸ್ ಪ್ಲೇಟು ಒಬ್ಬ ಬಸವನಗುಡಿಯವರ ಬೀರುವಿಗೆ ಬಂದ ದಾರಿ ಅದು.

ನಗು ನಿಂತಮೇಲೆ ಸುಮ್ಮನೆ ಕೂತೆ. ನನ್ನ ಹತ್ತಿರ ನೋಟ್‌ಬುಕ್ ಇರಲಿಲ್ಲ ಅಷ್ಟೇ, ಕಾಲಮ್ಮು ಎರಡೂ ಇದ್ದವು. ಹನ್ನೆರಡು ವರ್ಷದಿಂದ ನಾಲ್ಕು ಸಾವಿರದ್ದನ್ನ ಎಂಟುನೂರು ಅಂತ, ಎಂಟುನೂರರದ್ದನ್ನ "ಯಾರೋ ಕೊಟ್ಟರು" ಅಂತ ಹೇಳಿಕೊಂಡು ಬಂದಿದ್ದೆ. ಈಗ ಮೂರನೇ ಕಾಲಮ್ಮು ಒಂದು ಸೇರಿಸಿದ್ದೆ, ಆ ಅಮ್ಮನ ಹೆಸರಲ್ಲಿ. ಅವರ ಯಜಮಾನರು ಐವತ್ತು ವರ್ಷದ ಹಿಂದೆ ಬೆಲೆ ಇಳಿಸಿ ಹೇಳಿದ ಅದೇ ಪ್ಲೇಟಿಗೆ, ಅದೇ ಹೆಂಗಸಿನ ಎದುರಿಗೆ, ನಾನು ಇನ್ನೊಂದು ಸಲ ಬೆಲೆ ಇಳಿಸಿ ಹೇಳಿದ್ದೆ.

* * *

ಎರಡು ದಿನ ಬಿಟ್ಟು ನೋಟ್‌ಬುಕ್ಕು, ಪ್ಲೇಟು ಎರಡನ್ನೂ ತಗೊಂಡು ಹೋದೆ. ಹೇಳೋಕೆ ಏನೇನೋ ರೆಡಿ ಮಾಡಿಕೊಂಡಿದ್ದೆ. ಅಲ್ಲಿ ಹೋದಮೇಲೆ "ಅಮ್ಮಾ, ಇದೊಂದು ಪ್ಲೇಟಿನ ವಿಷಯ ನಾನು ಹೇಳಲಿಲ್ಲ. ಇದೊಂದಕ್ಕೇ ಲಕ್ಷದ ಹತ್ತಿರ ಬರಬಹುದು. ಅವತ್ತೇ ಗೊತ್ತಿತ್ತು" ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವರು ಪ್ಲೇಟಿನ ಕಡೆ ನೋಡಲೇ ಇಲ್ಲ. ನೋಟ್‌ಬುಕ್ ತೆಗೆದು, ಕನ್ನಡಕ ಹುಡುಕಿ ಹಾಕಿಕೊಂಡು, ಬೆರಳಿಟ್ಟು ಓದತೊಡಗಿದರು. 'ಫ್ರೀ' ಅನ್ನೋ ಕಡೆ ಬೆರಳು ನಿಂತಿತು.

"ಆ ಗಂಟು ತಂದ ದಿನ ಸೈಕಲ್ ಪಂಕ್ಚರ್ ಹಾಕಿಸೋಕೂ ನನ್ನ ಹತ್ರ ಚಿಲ್ಲರೆ ಇಸ್ಕೊಂಡ್ರು. ಫ್ರೀ ಅಂತೆ, ಫ್ರೀ!" ಅಂತ ನಗೋಕೆ ಶುರುಮಾಡಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

"ನಿಮಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿಲ್ದೆ ಏನು? ಅವೆನ್ಯೂ ರೋಡಿನ ಆ ಅಂಗಡಿಯವನ ಹೆಂಡ್ತಿ ನನ್ನ ಜೊತೆ ಭಜನೆಗೆ ಬರ್ತಿದ್ಲು. ಪ್ರತಿ ಪ್ಲೇಟಿನ ರೇಟೂ ಅವರು ಮನೆ ಮುಟ್ಟೋಕೆ ಮುಂಚೆ ನನಗೆ ಮುಟ್ಟಿರ್ತಿತ್ತು."

"ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ತರೋದೇ ನಿಲ್ಲಿಸ್ಬಿಡ್ತಿದ್ರು. ಕಾರ್ಖಾನೆಯಿಂದ ಬಂದು ಸಂಜೆ ಒಂದು ಗಂಟೆ ಅದನ್ನ ಹಾಕ್ಕೊಂಡು ಕೂತಾಗ ಮಾತ್ರ ಆ ಮನುಷ್ಯ ಹಣೆ ಗಂಟು ಬಿಡ್ತಿದ್ದಿದ್ದು. ಅದಕ್ಕೆ ಮೂವತ್ತೆಂಟು ರೂಪಾಯಿ ಹೆಚ್ಚೇನಲ್ಲ ಅಂತ ನಾನೂ ಒಂದು ಲೆಕ್ಕ ಹಾಕಿದ್ದೆ. ತರಕಾರಿ ದುಡ್ಡಲ್ಲಿ ಉಳಿಸಿ ಎರಡು ಬಳೆ ಮಾಡಿಸ್ಕೊಂಡೆ. ಅದು ಅವರ ಪುಸ್ತಕದಲ್ಲಿಲ್ಲ ಬಿಡು."

ಆಮೇಲೆ ನೋಟ್‌ಬುಕ್ ಮುಚ್ಚಿ ನನ್ನ ಕಡೆ ತಿರುಗಿದರು. ನಗು ಹೋಗಿತ್ತು.

"ಅವರು ನಮ್ಮನೆಯವರು. ಎರಡು ಕಾಲಂ ಬರೀಬಹುದು. ನೀನು ವ್ಯಾಪಾರದವನಪ್ಪ, ನಿಂದು ಒಂದೇ ಇರ್ಬೇಕು."

ಬೈದಿದ್ದರೆ ಸುಲಭವಿತ್ತು. ಇದು ಇನ್ನೂ ಒಳಗೆ ಕೂತಿದೆ.

ಕೊನೆಗೆ ಅವರೇ ಏರ್ಪಾಡು ಹೇಳಿದರು. ನೀನು ಮಾರಿಕೊಡು, ಬಂದದ್ದರಲ್ಲಿ ಐದರಲ್ಲಿ ಒಂದು ಭಾಗ ನಿನಗೆ. ಮಿಕ್ಕಿದ್ದು ನನಗೆ. ಮಕ್ಕಳ ಕೈ ಕಾಯದೆ ನನ್ನದೇ ದುಡ್ಡು ಅಂತ ಸ್ವಲ್ಪ ಇರಲಿ. ಇನ್ನುಳಿದ ನಾನೂರ ಚಿಲ್ಲರೆಗೆ ಮಾತಾದ ಬೆಲೆಯೇ ಸರಿ, "ಅದರ ಬೂಷ್ಟು ನೀನೇ ತೊಳ್ಕೋ." ಅದರಲ್ಲಿ ಒಂದು ಎಲ್‌ಪಿ ಮಾತ್ರ ವಾಪಸ್ ಬೇಕು ಅಂದರು, ಭೀಮಸೇನ ಜೋಶಿಯವರದ್ದು. ಪ್ಲೇಯರ್ ಕೆಟ್ಟು ಎಷ್ಟೋ ವರ್ಷವಾಗಿದೆಯಲ್ಲಮ್ಮ, ಏನು ಮಾಡ್ತೀರಿ ಅಂತ ಕೇಳಿದೆ.

"ಕವರ್ ನೋಡ್ತೀನಿ" ಅಂದರು.

ಅವತ್ತಿನಿಂದ, ಗೋಡೆಗೆ ಹಾಕೋಕೆ ಅಂತ ರೆಕಾರ್ಡ್ ಕೇಳಿಕೊಂಡು ಬರುವವರ ಮುಂದೆ ನಾನು ಬಾಯಿ ಬಿಡೋದಿಲ್ಲ. ಯಾರ ಗೋಡೆಯ ಮೇಲೆ ಏನು ಹಾಡ್ತಿರುತ್ತೋ.

* * *

ಪ್ಲೇಟು ಹೋಗೋಕೆ ನಾಲ್ಕು ತಿಂಗಳು ಹಿಡಿಯಿತು. ಕೊಂಡವನು ಹೊರದೇಶದವನು. ಎರಡು ಕಡೆ ಪ್ಲೈವುಡ್, ನಡುವೆ ಸ್ಪಂಜು, ಅದರ ಮೇಲೆ ಮೂರು ಸುತ್ತು ರಟ್ಟು ಹಾಕಿ ಕಳಿಸಿ, ಅದು ಇಡಿಯಾಗಿ ತಲುಪಿತು ಅಂತ ಮೆಸೇಜ್ ಬರೋ ತನಕ ಹನ್ನೊಂದು ರಾತ್ರಿ ನಿದ್ದೆಯಿಲ್ಲ. ಲಕ್ಷಕ್ಕೆ ಸ್ವಲ್ಪ ಕಮ್ಮಿ ಬಂತು. ಐದರಲ್ಲಿ ನಾಲ್ಕು ಭಾಗ ಅಮ್ಮನ ಖಾತೆಗೆ ಹಾಕಿ, ರಸೀದಿ ಪ್ರಿಂಟ್ ತೆಗೆಸಿ ಕೊಟ್ಟುಬಂದೆ. ನನ್ನ ಪಾಲಿನಲ್ಲಿ ಮೂರು ತಿಂಗಳ ಬಾಡಿಗೆ ಹೋಗಲಿ, ಒಂದು ತಿಂಗಳದ್ದೂ ಪೂರ್ತಿ ಆಗಲಿಲ್ಲ.

ಆದರೆ ಅಮ್ಮ ಭಜನೆಯವರಿಗೆಲ್ಲ ಹೇಳಿದ್ದರು. ಆ ವರ್ಷ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಂ ಅಂತ ಏಳು ಮನೆಗಳ ಅಟ್ಟ ನನಗೆ ತೆರೆದುಕೊಂಡವು. ಈಗ ಅಂಗಡಿಯ ಪದ್ಧತಿಯೇ ಹಾಗೆ: ದೊಡ್ಡ ಬೆಲೆಯದು ಸಿಕ್ಕಿದರೆ ಅಲ್ಲೇ ಹೇಳೋದು, ಮಾರಿಕೊಟ್ಟು ಪಾಲು ತಗೊಳ್ಳೋದು. ಇದರಿಂದ ಶ್ರೀಮಂತನಾದೆ ಅಂದುಕೊಳ್ಳಬೇಡಿ. ಅಂಗಡಿ ಇವತ್ತಿಗೂ ಒಂದು ತಿಂಗಳು ತೇಲುತ್ತೆ, ಒಂದು ತಿಂಗಳು ಮುಳುಗುತ್ತೆ. ಮುಳುಗಿದ ತಿಂಗಳು ಹೆಂಡತಿಯ ಸಂಬಳ ಹಗ್ಗ ಹಾಕಿ ಎಳೆಯುತ್ತೆ.

ಅವಳಿಗೂ ಹೇಳಿಬಿಟ್ಟೆ. ಒಂದು ಭಾನುವಾರ ಧೈರ್ಯ ಮಾಡಿ ಕೂರಿಸಿಕೊಂಡು, ಇಷ್ಟು ವರ್ಷ ನಾನು ಹೇಳಿದ ರೇಟುಗಳು ಸುಳ್ಳು, ಅಸಲು ಇಷ್ಟಿಷ್ಟು ಅಂತ ಶುರುಮಾಡಿದೆ. ಅವಳು ಫೋನಿನಿಂದ ಕಣ್ಣು ತೆಗೆಯದೆ ಅಂದಳು: "ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ನನ್ನ ಇಮೇಲಿಗೂ ಬರುತ್ತೆ ಕಣೋ. 2009ರಿಂದ."

ಮ್ಯೂಸಿಯಮ್ಮಾ ಅಂತ ಕೇಳಿದ ಹುಡುಗ ಆಮೇಲೆ ಮತ್ತೆ ಬಂದ. ಮೊದಲ ಸಲ ನಾನು ಇಲ್ಲ ಅಂದಿದ್ದ ಮೂರರಲ್ಲಿ ಒಂದನ್ನೇ ನೆನಪಿಟ್ಟುಕೊಂಡು ಹುಡುಕಿ ತೆಗೆದ. ಎದೆ ಒಂದು ಸಲ ಹಿಂಡಿತು, ಆದರೂ ಹೇಳಿದೆ: "ನಾನು ಕೊಂಡಿದ್ದು ಎಂಟುನೂರಕ್ಕೆ, ನಿನಗೆ ಸಾವಿರದ ಇನ್ನೂರು." ಅವನು ರೆಕಾರ್ಡ್ ಹೊರಗೆ ತೆಗೆದು, ಓರೆ ಹಿಡಿದು, ನಾನು ಹೇಳಿಕೊಟ್ಟ ಹಾಗೆ ಗೀರು ಎಣಿಸಿದ. ಆಮೇಲೆ ಕೇಳಿದ: "ಸಾವಿರಕ್ಕೆ ಕೊಡಿ ಸಾರ್, ಮನೇಲಿ ಐನೂರು ಅಂತ ಹೇಳ್ಬೇಕು."

ಕೊಟ್ಟೆ.

ಅಪ್ಪನ ಸುಪ್ರಭಾತ ಮಾತ್ರ ಕೌಂಟರಿನ ಹಿಂದೆ ಇದೆ. ಗೀರು ಬಿದ್ದ ಪ್ಲೇಟು, ಯಾರೂ ಹತ್ತು ರೂಪಾಯಿ ಕೊಡೋದಿಲ್ಲ. ಬೆಳಗ್ಗೆ ಶಟರ್ ಎತ್ತಿದ ಮೇಲೆ ಮೊದಲು ಅದನ್ನೇ ಹಾಕ್ತೀನಿ. ಮುಳ್ಳು ಹಾರುವ ಜಾಗ ಬಂದಾಗ ಕೆಳಗಿನ ಟೈಲರ್ ಕೂಡ ಈಗ ಸರಿಯಾಗಿ ಹಾರ್ತಾನೆ.